ಕಲ್ಲಿಲ್ಲದ ನಾಡು

ಅರ್ಜೆಂಟೀನಾದ ಪಾಂಪಾ ಬಯಲಿನ ಹೊಲದಲ್ಲಿ ಕಲ್ಲು ಸಿಗುವುದಿಲ್ಲ. ಗದಗ ಜಿಲ್ಲೆಯ ಒಕ್ಕಲು ಮನೆತನದಲ್ಲಿ ಬೆಳೆದ ನನಗೆ ಇದನ್ನು ನಂಬುವುದು ಕಷ್ಟವಾಯಿತು. ನಮ್ಮಲ್ಲಿ ಎಂಥ ಒಳ್ಳೆಯ ಎರೆಹೊಲವಿದ್ದರೂ ಬದುವಿನ ಮೂಲೆಯಲ್ಲಿ ಆರಿಸಿ ಹಾಕಿದ ಕಲ್ಲಿನ ಗುಂಪಿ ಇದ್ದೇ ಇರುತ್ತದೆ. ಮಸಾರಿಯ ಮಾತಂತೂ ಬೇಡ. ಇಲ್ಲಿ ಬ್ಯೂನಸ್ ಐರಿಸ್‌ನಿಂದ 8ನೇ ನಂಬರಿನ ಹೆದ್ದಾರಿ ಹಿಡಿದು ವಾಯವ್ಯಕ್ಕೆ ಪೆರ್ಗಮಿನೊ ಊರಿನವರೆಗೆ ಸುಮಾರು 220 ಕಿಲೋಮೀಟರ್ ಬಂದರೂ, ಬೆನ್ನಟ್ಟಿದ ನಾಯಿಗೆ ಎಸೆಯಲು ಒಂದು ಹರಳು ಕಾಣಲಿಲ್ಲ. ಬದುವೂ ಇಲ್ಲ. ತಂತಿ ಬೇಲಿ, ಅದರಾಚೆ ಸೋಯಾ, ಮತ್ತೆ ತಂತಿ ಬೇಲಿ, ಮತ್ತೆ ಸೋಯಾ. ಬ್ಯೂನಸ್ ಐರಿಸ್‌ನ ಹಳೆಯ ಬೀದಿಗಳಿಗೆ ಹಾಸಿದ ಕಲ್ಲನ್ನೂ ದಕ್ಷಿಣದ ತಾಂದಿಲ್ ಗುಡ್ಡಗಳಿಂದ, ನದಿ ನಡುವಿನ ಮಾರ್ತಿನ್ ಗಾರ್ಸಿಯಾ ದ್ವೀಪದಿಂದ ತರಿಸಬೇಕಾಯಿತಂತೆ.

ವಿಜಯಪುರದ ಕಡೆಯ ಎರೆ ಕಾಲಡಿಯ ಕಪ್ಪು ಬಂಡೆಯೇ ಸವೆದು ಆದ ಮಣ್ಣು. ಆದ್ದರಿಂದ ಅಗೆದರೆ ಎಲ್ಲೋ ಒಂದು ಕಡೆ ತಾಯಿಕಲ್ಲು ಸಿಕ್ಕೇ ಸಿಗುತ್ತದೆ. ಪಾಂಪಾದ ಮಣ್ಣು ಹಾಗಲ್ಲ, ಅದು ವಲಸೆ ಬಂದದ್ದು. ಹಿಮಯುಗದ ಒಣಗಾಳಿ ಆಂಡೀಸ್ ಪರ್ವತದ ತಪ್ಪಲಿನಿಂದಲೂ ಪ್ಯಾಟಗೋನಿಯಾದ ಬಯಲಿನಿಂದಲೂ ನುಣ್ಣನೆಯ ಧೂಳನ್ನು ಎತ್ತಿ ಪೂರ್ವಕ್ಕೆ ತಂದು ಸುರಿಯಿತು. ಜೊತೆಗೆ ಜ್ವಾಲಾಮುಖಿಗಳ ಬೂದಿಯೂ ಬೆರೆಯಿತು. ಹೀಗೆ ಕೂತ ಧೂಳಿಗೆ ಭೂವಿಜ್ಞಾನಿಗಳು ಲೋಯೆಸ್ ಎನ್ನುತ್ತಾರೆ. ಕೆಲವು ಕಡೆ ಅದು ಹತ್ತಾರು ಮೀಟರ್ ದಪ್ಪವಿದೆ. ಗಾಳಿಗೆ ಧೂಳು ಹೊರಲು ಬರುತ್ತದೆ, ಕಲ್ಲು ಹೊರಲು ಬರುವುದಿಲ್ಲ. ಆ ಧೂಳಿನ ಮೇಲೆ ಸಾವಿರಾರು ವರ್ಷ ಹುಲ್ಲು ಬೆಳೆಯಿತು, ಬೇರು ಸತ್ತು ಕೊಳೆಯಿತು, ಮತ್ತೆ ಹುಲ್ಲು ಬೆಳೆಯಿತು. ಮರ ತನ್ನ ಎಲೆಯನ್ನು ನೆಲದ ಮೇಲೆ ಉದುರಿಸುತ್ತದೆ. ಹುಲ್ಲು ತನ್ನ ಗೊಬ್ಬರವನ್ನು ಬೇರಿನ ರೂಪದಲ್ಲಿ ನೆಲದೊಳಗೇ ಇಡುತ್ತದೆ. ಮಣ್ಣು ಒಂದೆರಡು ಅಡಿ ಆಳದವರೆಗೆ ಕಪ್ಪಾಗಿರುವುದು ಅದಕ್ಕೇ.

ಬ್ಯೂನಸ್ ಐರಿಸ್, ಸಾಂತಾ ಫೆ, ಕಾರ್ದೊಬಾ, ಎಂತ್ರೆ ರೀಯೊಸ್, ಲಾ ಪಾಂಪಾ ಪ್ರಾಂತ್ಯಗಳ ಬಹುಭಾಗ ಈ ಬಯಲಿಗೆ ಸೇರುತ್ತದೆ. ಉರುಗ್ವೆಯಲ್ಲೂ ಬ್ರೆಜಿಲಿನ ದಕ್ಷಿಣ ತುದಿಯಲ್ಲೂ ಹುಲ್ಲುನಾಡು ಮುಂದುವರಿಯುತ್ತದೆ. ಎಲ್ಲ ಕಡೆಯೂ ಒಂದೇ ಮಣ್ಣು ಎಂದುಕೊಳ್ಳಬೇಡಿ. ಎಂತ್ರೆ ರೀಯೊಸ್‌ನಲ್ಲಿ ನಮ್ಮ ಎರೆಯ ಹಾಗೆಯೇ ಬೇಸಿಗೆಯಲ್ಲಿ ಬಿರಿಯುವ ಜಿಗುಟು ಮಣ್ಣಿದೆ, ಅಲ್ಲಿ ಭತ್ತ ಬೆಳೆಯುತ್ತಾರೆ. ಕಾರ್ದೊಬಾದ ದಕ್ಷಿಣಕ್ಕೆ ಮರಳು ಮಿಶ್ರಿತ ಹಗುರ ನೆಲ, ಅಲ್ಲಿ ಶೇಂಗಾ. ಶೇಂಗಾ ಮೂಲತಃ ಆ ಖಂಡದ್ದೇ ತಾನೆ!

ನಾನು ಹೋದದ್ದು 2025ರ ಏಪ್ರಿಲ್‌ನಲ್ಲಿ. ನಮ್ಮಲ್ಲಿ ಯುಗಾದಿ ಮುಗಿದು ನೆಲ ಕಾದ ಹೆಂಚಾಗಿರುವ ಹೊತ್ತು. ಅಲ್ಲಿ ಶರತ್ಕಾಲ, ಸೋಯಾ ಕೊಯ್ಲಿನ ಕಾಲ. ಗೋದಿಯನ್ನು ಜೂನ್‌–ಜುಲೈಯಲ್ಲಿ ಬಿತ್ತಿ ಡಿಸೆಂಬರ್‌ನಲ್ಲಿ ಕೊಯ್ಯುತ್ತಾರೆ. ಅದೇ ಹೊಲದಲ್ಲಿ ಅದೇ ವಾರ ಎರಡನೆಯ ಬೆಳೆಯಾಗಿ ಸೋಯಾ ಬಿತ್ತುತ್ತಾರೆ. ಕ್ರಿಸ್‌ಮಸ್ ಊಟದ ಹೊತ್ತಿಗೆ ಮನೆಯ ಗಂಡಸರು ಟ್ರ್ಯಾಕ್ಟರ್ ಮೇಲೆ ಇರುವುದು ಅಲ್ಲಿ ಸಾಮಾನ್ಯ. ವರ್ಷಕ್ಕೆ ಎರಡು ಬೆಳೆ ತೆಗೆಯಲು ಕಾಲುವೆ ಬೇಕಿಲ್ಲ, ಬೋರ್‌ವೆಲ್ ಬೇಕಿಲ್ಲ. ಪೆರ್ಗಮಿನೊದಲ್ಲಿ ವರ್ಷಕ್ಕೆ ಸುಮಾರು 1000 ಮಿಲಿಮೀಟರ್ ಮಳೆ, ಅದೂ ನಾಲ್ಕು ತಿಂಗಳಲ್ಲಿ ಸುರಿದು ಮುಗಿಯುವ ಮಳೆಯಲ್ಲ. ಬೇಸಿಗೆಯಲ್ಲಿ ಹೆಚ್ಚು, ಚಳಿಗಾಲದಲ್ಲಿ ಕಡಿಮೆ, ಆದರೆ ತಿಂಗಳು ತಿಂಗಳೂ ಅಷ್ಟಿಷ್ಟು. ಉತ್ತರದಿಂದ ಬರುವ ಬಿಸಿ, ಹಸಿ ಗಾಳಿಗೆ ನೈರುತ್ಯದ ತಣ್ಣನೆಯ ಪಾಂಪೆರೊ ಗಾಳಿ ಬಂದು ಬಡಿದಾಗ ಗುಡುಗು ಮಳೆ. ಕೆಲವೊಮ್ಮೆ ಆಲಿಕಲ್ಲು, ಆದ್ದರಿಂದ ಅಲ್ಲಿಯ ರೈತ ಬರಕ್ಕಿಂತ ಮೊದಲು ಆಲಿಕಲ್ಲಿಗೆ ವಿಮೆ ಮಾಡಿಸುತ್ತಾನೆ. ಚಳಿಗಾಲದಲ್ಲಿ ಇಬ್ಬನಿ ಹೆಪ್ಪುಗಟ್ಟುತ್ತದೆ, ಹಿಮ ಬೀಳುವುದು ಅಪರೂಪ. ಉಕ್ರೇನಿನ ಸ್ಟೆಪ್ಪಿಯಲ್ಲೋ ಅಮೆರಿಕದ ಅಯೋವಾದಲ್ಲೋ ಮಣ್ಣು ಇದಕ್ಕೆ ಸರಿಸಮ ಇರಬಹುದು; ಆದರೆ ಅಲ್ಲಿ ಚಳಿಗಾಲದಲ್ಲಿ ದನವನ್ನು ಒಳಗೆ ಕಟ್ಟಿ ಮೇವು ಹಾಕಬೇಕು. ಪಾಂಪಾದಲ್ಲಿ ದನ ವರ್ಷವಿಡೀ ಬಯಲಲ್ಲೇ ಇರುತ್ತದೆ. ಕೊಟ್ಟಿಗೆ ಎಂಬುದನ್ನೇ ನಾನು ಕಾಣಲಿಲ್ಲ.

ಪೆರ್ಗಮಿನೊದಲ್ಲಿ 1912ರಿಂದ ಕೃಷಿ ಪ್ರಯೋಗ ಕೇಂದ್ರವಿದೆ. ಊರಿಗೆ ಬೀಜದ ರಾಜಧಾನಿ ಎಂಬ ಹೆಸರೂ ಇದೆ. ನನಗೆ ಹೊಲ ತೋರಿಸಲು ಒಪ್ಪಿದವರು ಅಲ್ಲಿಯ ರೈತರಿಗೆ ಸಲಹೆ ಕೊಡುತ್ತಾ ಓಡಾಡುವ ಕೃಷಿ ತಜ್ಞೆ. ಐವತ್ತು ದಾಟಿದ ಹೆಂಗಸು. ಜೀಪಿನಲ್ಲಿ ಒಂದು ಸನಿಕೆ, ಒಂದು ಅಡಿಗೆಮನೆಯ ಚಾಕು, ಮಾಟೆ ಎಂಬ ಎಲೆಯ ಕಷಾಯ ಕುಡಿಯಲು ಬಿಸಿನೀರಿನ ಫ್ಲಾಸ್ಕ್. ಕೊಯ್ಲಾದ ಒಂದು ಹೊಲದಲ್ಲಿ ಮೊಣಕಾಲಿನಾಳ ಗುಂಡಿ ತೋಡಿ, ಅದರ ಒಂದು ಗೋಡೆಯನ್ನು ಚಾಕುವಿನಿಂದ ನಯವಾಗಿ ಕೆರೆದರು. "ಇಲ್ಲಿ ನೋಡಿ, ಕೈ ಹಾಕಿ," ಎಂದರು.

ಮೇಲಿನ ಒಂದಡಿ ಕಪ್ಪು, ಅದರ ಕೆಳಗೆ ಕಂದು. ಕಂದು ಪದರದ ಹೆಂಟೆಯೊಂದನ್ನು ಮುರಿದು ಬಿಸಿಲಿಗೆ ಹಿಡಿದರು. ಮುರಿದ ಮುಖ ಎಣ್ಣೆ ಸವರಿದ ಹಾಗೆ ಮಿನುಗಿತು. ಮಳೆನೀರು ಮೇಲಿನ ಜೇಡಿಯನ್ನು ಸಾವಿರಾರು ವರ್ಷ ಒಂದಿಷ್ಟೇ ಒಂದಿಷ್ಟು ಕೆಳಗಿಳಿಸಿ, ಈ ಹೆಂಟೆಗಳ ಮೈಗೆ ಬಳಿದಿದೆ. ಆ ಜೇಡಿಯೇ ನೀರು ಹಿಡಿದಿಟ್ಟುಕೊಳ್ಳುವುದು. ಇನ್ನೂ ಕೆಳಗೆ ಅಗೆದರೆ ಮಸುಕು ಹಳದಿ ಬಣ್ಣದ ಮೂಲ ಧೂಳು, ಅದರಲ್ಲಿ ಸುಣ್ಣದ ಹರಳು ಸಿಗುತ್ತದೆ ಎಂದರು. ನಮ್ಮ ಎರೆಯಲ್ಲೂ ಸುಣ್ಣದ ಹರಳಿದೆ ಎಂದೆ. "ಬಿರಿಯುತ್ತದೆಯೆ?" ಎಂದು ಕೇಳಿದರು. ಕರುವಿನ ಕಾಲು ಸಿಕ್ಕಿಕೊಳ್ಳುವಷ್ಟು ಬಿರಿಯುತ್ತದೆ ಎಂದಾಗ ನಕ್ಕರು. ಈ ಮಣ್ಣು ಹಾಗೆ ಬಿರಿಯುವುದಿಲ್ಲ. ನಮ್ಮ ಎರೆ ಮುಂಗಾರಿನ ನೀರನ್ನು ಹೊಟ್ಟೆಯಲ್ಲಿಟ್ಟುಕೊಂಡು, ಒಂದು ಹನಿ ಮಳೆಯಿಲ್ಲದೆ ಹಿಂಗಾರಿ ಜೋಳ ಬೆಳೆದು ಕೊಡುತ್ತದೆ. ಪಾಂಪಾದ ಮಣ್ಣಿಗೆ ಆ ಜಿಪುಣತನ ಕಲಿಯುವ ಅಗತ್ಯವೇ ಬೀಳಲಿಲ್ಲ, ಮುಂದಿನ ಮಳೆ ಬಂದೇ ಬರುತ್ತಿತ್ತು.

ಆಮೇಲೆ ಅವರು ತೋರಿಸಿದ್ದು ಮೇಲಿನ ಮೂರು ನಾಲ್ಕು ಬೆರಳಿನಷ್ಟು ಮಣ್ಣು. ತಂತಿ ಬೇಲಿಯ ಅಡಿಯಲ್ಲಿ, ಎಂದೂ ಬಿತ್ತದ ಪಟ್ಟಿಯಿಂದ ಒಂದು ಹಿಡಿ ಮಣ್ಣು ತೆಗೆದರು. ಅದು ಸಣ್ಣ ಸಣ್ಣ ಕಾಳುಕಾಳಾಗಿ ಉದುರಿತು, ತುಂಬ ಬೇರು, ಒಂದು ಎರೆಹುಳ. ಹೊಲದೊಳಗಿನ ಮಣ್ಣು ಮಾತ್ರ ಚಪ್ಪಟೆ ಪದರ ಪದರವಾಗಿ ಎದ್ದು ಬಂತು. ಬೇರು ಆ ಪದರಗಳ ನಡುವೆ ಅಡ್ಡಡ್ಡ ಹರಿದಿತ್ತು, ಕೆಳಗಿಳಿಯಲು ದಾರಿ ಸಿಕ್ಕಿರಲಿಲ್ಲ. ಒಂದೇ ಧೂಳು, ಒಂದೇ ಮಳೆ, ನಡುವೆ ಎರಡು ಮಾರು ಅಂತರ. ಭಾರಿ ಯಂತ್ರಗಳು ಓಡಾಡಿದ್ದು, ವರ್ಷಕ್ಕೆ ಐದಾರು ತಿಂಗಳು ನೆಲದಲ್ಲಿ ಜೀವಂತ ಬೇರೇ ಇಲ್ಲದಿರುವುದು, ಸೋಯಾದ ಮೇಲೆ ಸೋಯಾ ಬೆಳೆದದ್ದು ಎಂದು ಕಾರಣಗಳನ್ನು ಅವರೇ ಎಣಿಸಿದರು. ಇಂಥ ನಯವಾದ ಧೂಳುಮಣ್ಣಿಗೆ ತುಳಿತ ಬೇಗ ತಾಗುತ್ತದೆ. ನಮ್ಮ ಎರೆಯಾದರೆ ಬೇಸಿಗೆಯಲ್ಲಿ ಬಿರಿದು ತನ್ನನ್ನು ತಾನೇ ಉತ್ತುಕೊಳ್ಳುತ್ತದೆ. ಇದಕ್ಕೆ ಆ ವಿದ್ಯೆ ತಿಳಿಯದು.

ಈ ಬಯಲಿನ ಒಕ್ಕಲುತನಕ್ಕೆ ಬಹಳ ವಯಸ್ಸಾಗಿಲ್ಲ. 1536ರಲ್ಲಿ ಪೇದ್ರೊ ದೆ ಮೆಂದೋಸಾ ಬಂದಾಗ, 1580ರಲ್ಲಿ ಹುವಾನ್ ದೆ ಗರಾಯ್ ಬ್ಯೂನಸ್ ಐರಿಸನ್ನು ಎರಡನೆಯ ಸಲ ಕಟ್ಟಿದಾಗ, ಸ್ಪೇನಿನವರು ತಂದ ಕುದುರೆ ದನಗಳು ತಪ್ಪಿಸಿಕೊಂಡು ಹುಲ್ಲಿಗೆ ಬಿದ್ದು ಲೆಕ್ಕವಿಲ್ಲದಷ್ಟಾದವು. ಮುಂದೆ ಇನ್ನೂರು ಮುನ್ನೂರು ವರ್ಷ ಇಲ್ಲಿಯ ಫಸಲು ಎಂದರೆ ಚರ್ಮ. ಕುದುರೆ ಸವಾರ ದನಗಾಹಿಗಳಾದ ಗೌಚೊಗಳು ಕಾಡುದನವನ್ನು ಕೆಡವಿ ತೊಗಲು ಸುಲಿದು ಮಾಂಸವನ್ನು ಹದ್ದುಗಳಿಗೆ ಬಿಡುತ್ತಿದ್ದರು. ಅತ್ತ ಪಶ್ಚಿಮದ ಹುಲ್ಲು ಇನ್ನೂ ಮೂಲನಿವಾಸಿಗಳ ಕೈಯಲ್ಲೇ ಇತ್ತು. ಅವರನ್ನು ತಡೆಯಲೆಂದು 1876–77ರಲ್ಲಿ ಬಹಿಯಾ ಬ್ಲಾಂಕಾದ ಕಡೆಯಿಂದ ಉತ್ತರಕ್ಕೆ ಸುಮಾರು 370 ಕಿಲೋಮೀಟರ್ ಉದ್ದದ ಕಂದಕ ತೋಡಿದರು. ಅದೂ ಸಾಲದೆಂದು 1879ರಲ್ಲಿ ಜನರಲ್ ಹೂಲಿಯೊ ರೋಕಾ ದಂಡೆತ್ತಿ ಹೋಗಿ ಅವರನ್ನು ಕೊಂದು, ಹಿಡಿದು, ಓಡಿಸಿದ. ಈ ದಂಡಯಾತ್ರೆಗೆ ಇತಿಹಾಸದಲ್ಲಿ ಇಟ್ಟ ಹೆಸರು ಮರುಭೂಮಿಯ ವಿಜಯ. ಜಗತ್ತಿನ ಅತ್ಯುತ್ತಮ ಹುಲ್ಲುನೆಲವನ್ನು ಮರುಭೂಮಿ ಎಂದು ಕರೆಯಬೇಕಾದರೆ ಅಲ್ಲಿದ್ದ ಜನರನ್ನು ಜನರೆಂದು ಲೆಕ್ಕಕ್ಕೆ ಹಿಡಿಯಬಾರದು, ಅಷ್ಟೆ. ಗೆದ್ದ ನೆಲ ಕೆಲವೇ ಮನೆತನಗಳಿಗೆ ಸಾವಿರಾರು ಹೆಕ್ಟೇರ್ ಲೆಕ್ಕದಲ್ಲಿ ಹಂಚಿಹೋಯಿತು.

1870ರ ದಶಕದ ಕೊನೆಗೆ ಹಡಗಿನಲ್ಲಿ ಮಾಂಸವನ್ನು ತಣ್ಣಗಿಟ್ಟು ಸಾಗಿಸುವ ವಿದ್ಯೆ ಬಂತು. ಹಿಂದೆಯೇ ಇಂಗ್ಲಿಷರ ಬಂಡವಾಳದಲ್ಲಿ ರೈಲು ಹಳಿ, ಹಳಿಯ ಪಕ್ಕಕ್ಕೆ ಇಟಲಿಯ ಗೇಣಿದಾರರು. ಆಗ ನಡೆದ ಏರ್ಪಾಡೊಂದನ್ನು ತಜ್ಞೆ ಬಹಳ ಹೊತ್ತು ವಿವರಿಸಿದರು, ಏಕೆಂದರೆ ಅವರ ಮುತ್ತಜ್ಜ ಅದರಲ್ಲೇ ದುಡಿದವನು. ಗೇಣಿದಾರ ಜಮೀನನ್ನು ಮೂರು ನಾಲ್ಕು ವರ್ಷ ಉತ್ತು ಗೋದಿ ಬೆಳೆಯಬಹುದು. ಬಿಟ್ಟು ಹೋಗುವಾಗ ಹೊಲದ ತುಂಬ ಅಲ್ಫಾಲ್ಫಾ, ಅಂದರೆ ನಾವು ಕುದುರೆಮೆಂತ್ಯ ಎನ್ನುವ ಮೇವು, ಬಿತ್ತಿ ಹೋಗಬೇಕು. ಧಣಿಯ ದನಗಳು ಆಮೇಲೆ ಅದನ್ನು ವರ್ಷಗಟ್ಟಲೆ ಮೇಯುತ್ತಿದ್ದವು. ಗೇಣಿದಾರನ ಪಾಲಿಗೆ ಇದು ದೊಡ್ಡ ಅನ್ಯಾಯ. ಒಂದು ಗಿಡ ನೆಡಲು, ಒಂದು ಗಟ್ಟಿ ಮನೆ ಕಟ್ಟಲು ಮನಸ್ಸಾಗದ ಬಾಳು. 1912ರಲ್ಲಿ ಸಾಂತಾ ಫೆಯ ಅಲ್ಕೊರ್ತಾ ಊರಿನಲ್ಲಿ ಅವರು ಗೇಣಿಯ ವಿರುದ್ಧ ದಂಗೆಯೆದ್ದದ್ದು ಸುಮ್ಮನಲ್ಲ. ಆದರೆ ಮಣ್ಣಿನ ಮಟ್ಟಿಗೆ ಆ ಅನ್ಯಾಯವೇ ಒಳ್ಳೆಯದಾಯಿತು. ಕುದುರೆಮೆಂತ್ಯದ ಬೇರು ಆಳಕ್ಕಿಳಿದು, ಗಾಳಿಯ ಸಾರಜನಕವನ್ನು ನೆಲಕ್ಕೆ ಕಟ್ಟಿ, ಕಾಳುಕಾಳು ಮಣ್ಣನ್ನು ಮರಳಿ ಕೊಡುತ್ತಿತ್ತು. ದನ ಮೇದು ಅಲ್ಲೇ ಸಗಣಿ ಹಾಕುತ್ತಿತ್ತು. ಬೆಳೆ, ಮೇವು, ಬೆಳೆ ಎನ್ನುವ ಈ ಸುತ್ತು 1970ರ ದಶಕದವರೆಗೂ ನಡೆಯಿತು. ರಸಗೊಬ್ಬರವನ್ನು ಮುಟ್ಟದೆಯೇ ನೂರು ವರ್ಷ ಕಾಳು ರಫ್ತು ಮಾಡಿದ ನಾಡು ಎಂದು ಪಾಂಪಾದವರು ಎದೆಯುಬ್ಬಿಸಿ ಹೇಳುವುದರ ಹಿಂದೆ ಆ ದನ ಇದೆ.

ದನವನ್ನು ಓಡಿಸಿದ್ದು ಸೋಯಾ. ಎಪ್ಪತ್ತರ ದಶಕದಲ್ಲಿ ಹರಡತೊಡಗಿದ ಈ ಬೆಳೆಗೆ 1996ರಲ್ಲಿ ಗ್ಲೈಫೊಸೇಟ್ ಕಳೆನಾಶಕ ತಾಳಿಕೊಳ್ಳುವ ಕುಲಾಂತರಿ ತಳಿ ಸಿಕ್ಕಿತು. ಅದರ ಜೊತೆಗೆ ಉಳುಮೆ ಇಲ್ಲದ ಬೇಸಾಯವೂ ಸೇರಿತು. ನಮ್ಮ ಕಡೆ ರಂಟೆ ಹೊಡೆಯದ ಹೊಲದವನನ್ನು ಸೋಮಾರಿ ಎನ್ನುತ್ತಾರೆ; ಅಲ್ಲಿ ಉತ್ತವನನ್ನು ದಡ್ಡ ಎನ್ನುತ್ತಾರೆ. ಹಳೆಯ ಬೆಳೆಯ ಕೂಳೆಯನ್ನು ಹಾಗೇ ಬಿಟ್ಟು, ಅದರ ನಡುವೆಯೇ ಭಾರವಾದ ಕೂರಿಗೆಯ ತಟ್ಟೆ ಸೀಳಿಕೊಂಡು ಹೋಗಿ ಬೀಜ ಇಳಿಸುತ್ತದೆ. ದೇಶದ ಕಾಳುಬೆಳೆಯ ನೂರಕ್ಕೆ ತೊಂಬತ್ತರಷ್ಟು ನೆಲ ಇಂದು ಹೀಗೆಯೇ ಬಿತ್ತನೆಯಾಗುತ್ತದೆ. ಇದು ನಿಜಕ್ಕೂ ದೊಡ್ಡ ಸಾಧನೆ. ಗಾಳಿ ತಂದ ಮಣ್ಣು ಗಾಳಿಗೇ ಹಾರಿಹೋಗುವುದನ್ನು, ಇಳಿಜಾರಿನಲ್ಲಿ ಕೊಚ್ಚಿಹೋಗುವುದನ್ನು ಇದು ತಡೆದಿದೆ, ತೇವ ಉಳಿಸಿದೆ. ಆದರೆ ಉಳುಮೆಯಿಲ್ಲ ಎಂದರೆ ಕಳೆಗೆ ರಾಸಾಯನಿಕವೊಂದೇ ಗತಿ. ಮೂವತ್ತು ವರ್ಷ ಒಂದೇ ಮದ್ದು ಹೊಡೆದ ಮೇಲೆ, ಅದಕ್ಕೆ ಬಗ್ಗದ ದಂಟಿನ ಜಾತಿಯ ಕಳೆ ಆಳೆತ್ತರ ನಿಂತಿದ್ದನ್ನು ನಾನೇ ನೋಡಿದೆ.

ಹೊಲದ ಯಜಮಾನ ಊರಲ್ಲಿರುವುದಿಲ್ಲ. ಅವನ ಜಮೀನನ್ನು ಗುತ್ತಿಗೆ ಹಿಡಿದವನು ಇನ್ನೊಬ್ಬ, ಬಿತ್ತುವ ಕೊಯ್ಯುವ ಯಂತ್ರದವನು ಮತ್ತೊಬ್ಬ. ವರ್ಷಕ್ಕೊಮ್ಮೆ ಮುಗಿಯುವ ಗುತ್ತಿಗೆಯಲ್ಲಿ ನಾಲ್ಕು ವರ್ಷದ ಕುದುರೆಮೆಂತ್ಯ ಬಿತ್ತಲು ಯಾರಿಗೆ ಹುಚ್ಚು? ಕೊಯ್ದ ಕಾಳನ್ನು ಹೊಲದಲ್ಲೇ ದಪ್ಪ ಬಿಳಿ ಪ್ಲಾಸ್ಟಿಕ್ ಚೀಲದಲ್ಲಿ ತುಂಬಿಡುತ್ತಾರೆ. ಒಂದೊಂದು ಚೀಲ ಅರವತ್ತು ಮೀಟರ್ ಉದ್ದ, ಇನ್ನೂರು ಟನ್ ಕಾಳು. ನಮ್ಮ ಹಗೇವು ನೆಲದೊಳಗೆ ಮಾಡುವ ಕೆಲಸವನ್ನು ಅದು ನೆಲದ ಮೇಲೆ ಮಾಡುತ್ತದೆ. ಗಾಳಿ ಆಡದಿದ್ದರೆ ಹುಳ ಬದುಕುವುದಿಲ್ಲ. ಬೆಲೆ ಏರುವವರೆಗೆ, ಪೆಸೊ ಇಳಿಯುವವರೆಗೆ ಕಾಳು ಅಲ್ಲೇ ಮಲಗಿರುತ್ತದೆ. ಸೋಯಾ ರಫ್ತಿನ ಮೇಲೆ ಸರ್ಕಾರ ಬಹುಕಾಲ ನೂರಕ್ಕೆ 33ರಷ್ಟು ಸುಂಕ ಹಾಕುತ್ತಿತ್ತು, ಈಚೆಗೆ ಇಳಿಸತೊಡಗಿದೆ. 2008ರಲ್ಲಿ ಇದೇ ಸುಂಕದ ಜಗಳಕ್ಕೆ ರೈತರು ತಿಂಗಳುಗಟ್ಟಲೆ ಹೆದ್ದಾರಿ ತಡೆದರು. ಕೊನೆಗೆ ಸೆನೆಟ್ಟಿನಲ್ಲಿ ಉಪಾಧ್ಯಕ್ಷನೇ ತನ್ನ ಸರ್ಕಾರದ ವಿರುದ್ಧ ಮತ ಹಾಕಿದ.

ಕಾಳೆಲ್ಲ ಹೋಗುವುದು ಪರಾನಾ ನದಿಯ ದಂಡೆಗೆ, ರೊಸಾರಿಯೊ ನಗರದ ಆಚೀಚೆಗೆ. ಲಾರಿಗಳ ಸಾಲು, ಗಾಣದ ಕಾರ್ಖಾನೆಗಳ ಸಾಲು, ನದಿಯಲ್ಲಿ ಸಮುದ್ರದ ಹಡಗುಗಳ ಸಾಲು. ಸೋಯಾ ಎಣ್ಣೆ, ಸೋಯಾ ಹಿಂಡಿ ಎರಡರ ರಫ್ತಿನಲ್ಲೂ ಅರ್ಜೆಂಟೀನಾ ಜಗತ್ತಿಗೇ ಮೊದಲು. ನಮ್ಮ ದೇಶ ಹೊರಗಿನಿಂದ ತರಿಸುವ ಸೋಯಾ ಎಣ್ಣೆಯಲ್ಲಿ ಅತಿ ದೊಡ್ಡ ಪಾಲು ಸಾಮಾನ್ಯವಾಗಿ ಇಲ್ಲಿಂದಲೇ ಬರುತ್ತದೆ. ಹುಬ್ಬಳ್ಳಿಯ ಖಾನಾವಳಿಯ ಬಾಣಲೆಗೂ ಪೆರ್ಗಮಿನೊದ ಮಳೆಗೂ ಹೀಗೊಂದು ನಂಟು.

ಆ ಮಳೆಯ ಮಾತೇ ಅಲ್ಲಿ ಎಲ್ಲಕ್ಕೂ ಮೊದಲು. ಎಷ್ಟು ಬಿತ್ತು? ಹದಿನೆಂಟು. ನಿಮ್ಮಲ್ಲಿ? ನಲವತ್ತೆರಡು. ಕುಶಲ ಪ್ರಶ್ನೆಯ ಬದಲು ಮಿಲಿಮೀಟರ್. ಬೇಲಿಗಂಬಕ್ಕೆ ಕಟ್ಟಿದ ಮಳೆಮಾಪಕ ಇಲ್ಲದ ಹೊಲವಿಲ್ಲ. ಇನ್ನೊಂದು ಮಾತು ಅಲ್ಲಿ ಕಿವಿಗೆ ಬಿದ್ದಾಗ ನಾನು ಎದ್ದು ಕೂತೆ: ಎಲ್ ನಿನೊ ಬಂದರೆ ಅವರು ಹಿಗ್ಗುತ್ತಾರೆ. ಶಾಂತಸಾಗರದ ನೀರು ಬಿಸಿಯೇರುವ ಎಲ್ ನಿನೊ ವರ್ಷದಲ್ಲಿ ಪಾಂಪಾಕ್ಕೆ ಹೆಚ್ಚು ಮಳೆ, ನಮಗೆ ಮುಂಗಾರು ಕೈಕೊಡುವ ಭಯ. ಅದಕ್ಕೆ ತದ್ವಿರುದ್ಧವಾದ ಲಾ ನಿನಾ ಬಂದರೆ ನಮಗೆ ಸುಗ್ಗಿ, ಅವರಿಗೆ ಬರ. 2020ರಿಂದ 2023ರ ಆರಂಭದವರೆಗೆ ಲಾ ನಿನಾ ಸತತ ಮೂರು ವರ್ಷ ಬಿಡದೆ ಕಾಡಿತು. 2021ರಲ್ಲಿ ಪರಾನಾ ನದಿ 1944ರ ನಂತರದ ಅತಿ ಕೆಳಮಟ್ಟಕ್ಕೆ ಇಳಿದು, ಹಡಗುಗಳು ಅರೆಹೊಟ್ಟೆಯಲ್ಲಿ ಹೊರಟವು. 2023ರಲ್ಲಿ ಸೋಯಾ ಫಸಲು ಹಿಂದಿನ ವರ್ಷದ ಅರ್ಧಕ್ಕಿಳಿದು, ಎರಡು ಕೋಟಿ ಟನ್ನಿನ ಆಸುಪಾಸು ನಿಂತಿತು. ಜಗತ್ತಿಗೆ ಎಣ್ಣೆ ಮಾರುವವರು ಬ್ರೆಜಿಲ್, ಪರಾಗ್ವೆಗಳಿಂದ ಕಾಳು ತರಿಸಿ ಗಾಣ ನಡೆಸಿದರು. ಅದೇ ವರ್ಷದ ಮಧ್ಯದಲ್ಲಿ ಎಲ್ ನಿನೊ ತಿರುಗಿತು; ಕರ್ನಾಟಕದ ಬಹುಪಾಲು ತಾಲ್ಲೂಕುಗಳು ಬರಪೀಡಿತ ಎಂದು ಘೋಷಣೆಯಾದವು.

ಬರ ಅವರಿಗೆ ಹೊಸದೂ ಅಲ್ಲ. 1833ರಲ್ಲಿ ಕುದುರೆಯ ಮೇಲೆ ಈ ಬಯಲು ದಾಟಿದ ಚಾರ್ಲ್ಸ್ ಡಾರ್ವಿನ್, ಅದಕ್ಕೆ ಕೆಲವೇ ವರ್ಷ ಹಿಂದೆ ಬಿದ್ದಿದ್ದ ಮಹಾಬರದ ಕಥೆಗಳನ್ನು ಬರೆದಿಟ್ಟಿದ್ದಾನೆ. ಸಾವಿರಾರು ದನಗಳು ಬಾಯಾರಿ ಪರಾನಾ ನದಿಗೆ ನುಗ್ಗಿ, ಹಸಿದು ಸೋತ ಮೈಗೆ ಕೆಸರಿನ ದಡ ಹತ್ತಲಾಗದೆ ಮುಳುಗಿ ಸತ್ತವಂತೆ. ಈಗಿನ ಉತ್ತರಗಳು ಬೇರೆ. ಸಾಂತಾ ಫೆಯ ವಿಜ್ಞಾನಿ ರಕೆಲ್ ಚಾನ್ ಅವರ ತಂಡ ಸೂರ್ಯಕಾಂತಿಯ ಒಂದು ಜೀನನ್ನು ಗೋದಿಗೆ ಸೇರಿಸಿ ಬರ ತಾಳುವ ತಳಿ ಮಾಡಿತು. 2020ರಲ್ಲಿ ಸರ್ಕಾರ ಅದಕ್ಕೆ ಒಪ್ಪಿಗೆ ಕೊಟ್ಟಿತು. ರೈತರು ಅದಕ್ಕಿಂತ ಸರಳವಾದ ಉಪಾಯವನ್ನೂ ಕಂಡುಕೊಂಡಿದ್ದಾರೆ. ಜನವರಿಯ ಉರಿಬಿಸಿಲಿಗೆ ಗೋವಿನಜೋಳ ಹೂ ಬಿಟ್ಟು ಕೂರದಿರಲೆಂದು ಬಿತ್ತನೆಯನ್ನೇ ಡಿಸೆಂಬರ್‌ಗೆ ತಳ್ಳಿದ್ದಾರೆ. ಇಳುವರಿಯ ಶಿಖರ ಸ್ವಲ್ಪ ತಗ್ಗುತ್ತದೆ, ನೆಲಕಚ್ಚುವ ಭಯ ಬಹಳ ತಗ್ಗುತ್ತದೆ. ನನಗೆ ಎರಡನೆಯದೇ ಹೆಚ್ಚು ಮೆಚ್ಚುಗೆಯಾಯಿತು.

ರೊಸಾರಿಯೊದಿಂದ ಬಹಿಯಾ ಬ್ಲಾಂಕಾಕ್ಕೆ ನೈರುತ್ಯವಾಗಿ ಇಳಿಯುವ 33ನೇ ನಂಬರಿನ ಹೆದ್ದಾರಿ ಮಳೆಯ ನಕ್ಷೆಗೆ ಅಡ್ಡಲಾಗಿ ಹೋಗುತ್ತದೆ. ಹೋದಂತೆಲ್ಲ ಮಳೆ ಕಡಿಮೆ, ಮಣ್ಣು ಬೆಳ್ಳಗೆ, ಮರಳು ಹೆಚ್ಚು. ತ್ರೆಂಕೆ ಲೌಕೆನ್ ಬರುವ ಹೊತ್ತಿಗೆ ಹೊಲ ಅಲೆಯಲೆಯಾಗಿ ಏರಿಳಿಯುತ್ತದೆ. ಹಿಂದೆಂದೋ ಮರಳುದಿಬ್ಬಗಳಾಗಿದ್ದು ಹುಲ್ಲು ಕಟ್ಟಿ ನಿಂತ ನೆಲ ಅದು. 1930ರ ದಶಕದ ಬರದಲ್ಲಿ, ಉತ್ತು ಬೋಳು ಮಾಡಿದ್ದ ಪಶ್ಚಿಮದ ಹೊಲಗಳಿಂದ ಆ ಮರಳು ಮತ್ತೆ ಎದ್ದು ಹಾರಿತ್ತು. ಇಲ್ಲಿಯ ರೈತನ ಮಾತೆಲ್ಲ ಅಂತರ್ಜಲದ ಸುತ್ತ. ನೀರು ಎರಡು ಮೂರು ಮೀಟರ್ ಕೆಳಗಿದ್ದರೆ ಗೋವಿನಜೋಳದ ಬೇರು ಅದನ್ನು ಮುಟ್ಟಿ ಮಳೆಯಿಲ್ಲದೆಯೂ ಬೆಳೆ ಬರುತ್ತದೆ. ಒಂದು ಮೀಟರಿಗೆ ಏರಿದರೆ ಬೇರು ಕೊಳೆಯುತ್ತದೆ, ಉಪ್ಪು ಮೇಲೇಳುತ್ತದೆ, ಲಾರಿ ಹೂತುಹೋಗುತ್ತದೆ. ನಾವು ಸಾವಿರ ಅಡಿ ಕೊರೆದು ಹುಡುಕುವ ನೀರನ್ನು ಇವರು ಕೆಳಗೇ ಇರು ಎಂದು ಬೇಡಿಕೊಳ್ಳುತ್ತಾರೆ.

ಅಂತರ್ಜಲ ಏರಿದ್ದಕ್ಕೂ ದನ ಹೋದದ್ದಕ್ಕೂ ಸಂಬಂಧವಿದೆ. ಕುದುರೆಮೆಂತ್ಯ ವರ್ಷವಿಡೀ ಆಳದಿಂದ ನೀರು ಹೀರಿ ಗಾಳಿಗೆ ಬಿಡುತ್ತಿತ್ತು. ಸೋಯಾ ನಾಲ್ಕೈದು ತಿಂಗಳು ಮಾತ್ರ ಕುಡಿಯುತ್ತದೆ. ಉಳಿದ ನೀರು ಹರಿದು ಹೋಗಲು ಇಳಿಜಾರಿಲ್ಲ, ಕೆಳಕ್ಕಿಳಿದು ಮಟ್ಟ ಏರಿಸುತ್ತದೆ. ಅದರ ಮೇಲೆ 1970ರ ದಶಕದಿಂದ ಪಶ್ಚಿಮದಲ್ಲಿ ಮಳೆಯೇ ಹೆಚ್ಚಾಗಿತ್ತು. ಬೇಸಾಯ ಅತ್ತ ಹಬ್ಬಲು ಕಾರಣವಾದ ಮಳೆಯೇ ಕೆಲವು ಊರುಗಳನ್ನು ನುಂಗಿತು. ಸಾಂತಾ ಫೆಯ ದಕ್ಷಿಣದ ಲಾ ಪಿಕಾಸಾ ಸರೋವರ ಬೆಳೆಯುತ್ತಾ ಹೋಗಿ 7ನೇ ನಂಬರಿನ ರಾಷ್ಟ್ರೀಯ ಹೆದ್ದಾರಿಯನ್ನೂ ರೈಲು ಹಳಿಯನ್ನೂ ಕತ್ತರಿಸಿ ಹಾಕಿತ್ತು.

ಕಾರ್ವೆ ಊರಿನ ಪಕ್ಕದ ಎಪೆಕ್ವೆನ್ ಅನ್ನು ನೋಡದೆ ಬಂದಿದ್ದರೆ ಇದೆಲ್ಲ ಪುಸ್ತಕದ ಮಾತಾಗಿ ಉಳಿಯುತ್ತಿತ್ತು. ಹೊರದಾರಿಯಿಲ್ಲದ ಉಪ್ಪುಸರೋವರದ ದಂಡೆಯಲ್ಲಿ ರೋಗ ವಾಸಿಯಾಗಲೆಂದು ಜನ ಮೀಯಲು ಬರುತ್ತಿದ್ದ ಊರು ಅದು. ಹೋಟೆಲು, ಅಂಗಡಿ, ರೈಲು ನಿಲ್ದಾಣ ಎಲ್ಲ ಇತ್ತು. ಬರಗಾಲದಲ್ಲಿ ಸರೋವರ ಒಣಗದಿರಲೆಂದು 1970ರ ದಶಕದಲ್ಲಿ ಕಾಲುವೆ ತೋಡಿ ನೀರು ತಿರುಗಿಸಿದರು. ಆ ಮೇಲೆ ಮಳೆವರ್ಷಗಳು ಬಂದವು, ಕಾಲುವೆಯ ಉಳಿದ ಕೆಲಸ ನಿಂತುಹೋಗಿತ್ತು. 1985ರ ನವೆಂಬರ್ 10ರಂದು ಮಣ್ಣಿನ ಒಡ್ಡು ಒಡೆಯಿತು. ಜನ ಪಾರಾದರು, ಊರು ಉಳಿಯಲಿಲ್ಲ. ನೀರು ವರ್ಷ ವರ್ಷ ಏರಿ ಹತ್ತು ಮೀಟರಿನವರೆಗೆ ನಿಂತು, ಇಪ್ಪತ್ತೈದು ವರ್ಷದ ಸುಮಾರಿಗೆ ಇಳಿಯಿತು. ಈಗ ಅಲ್ಲಿ ಬೀದಿಯಿದೆ, ಮನೆಯಿಲ್ಲ. ಮೆಟ್ಟಿಲಿದೆ, ಅದು ಎಲ್ಲಿಗೂ ಹತ್ತುವುದಿಲ್ಲ. ಸಾಲುಮರಗಳು ಉಪ್ಪು ಹೀರಿ ಬೆಳ್ಳಗೆ ಒಣಗಿ ನಿಂತಿವೆ. ಗೋಡೆಯ ಇಟ್ಟಿಗೆಯೊಂದನ್ನು ಬೆರಳಿಂದ ಒತ್ತಿದರೆ ಪುಡಿಯಾಗಿ ಉದುರಿತು. ಕೆಡದೆ ನಿಂತದ್ದು ವಾಸ್ತುಶಿಲ್ಪಿ ಫ್ರಾನ್ಸಿಸ್ಕೊ ಸಲಮೋನೆ 1930ರ ದಶಕದಲ್ಲಿ ಕಟ್ಟಿದ ಕಸಾಯಿಖಾನೆ. ಅದರ ಎತ್ತರದ ಕಾಂಕ್ರೀಟ್ ಗೋಪುರ ದೂರದಿಂದಲೇ ಕಾಣುತ್ತದೆ.

ಆ ಕಾಲುವೆಗೆ ಇಟ್ಟಿದ್ದ ಹೆಸರು ಅಮೆಗಿನೊ. ಫ್ಲೊರೆಂತಿನೊ ಅಮೆಗಿನೊ ಪಳೆಯುಳಿಕೆಗಳ ವಿದ್ವಾಂಸ. ಬ್ಯೂನಸ್ ಐರಿಸ್ ಪ್ರಾಂತ್ಯದ ಬರ ಮತ್ತು ನೆರೆಯ ಬಗ್ಗೆ 1884ರಲ್ಲೇ ಒಂದು ಪ್ರಬಂಧ ಬರೆದ. ನೆರೆ ಬಂದಾಗ ಕಾಲುವೆ ತೋಡಿ ಎಲ್ಲ ನೀರನ್ನೂ ಸಮುದ್ರಕ್ಕೆ ಓಡಿಸಬೇಡಿ, ಹಿಂದೆಯೇ ಬರ ಬರುತ್ತದೆ. ಎತ್ತರದ ಕಡೆಯಲ್ಲೇ ನೀರನ್ನು ಕೆರೆಗಳಲ್ಲಿ ತಡೆದಿಡಿ, ಮರ ಬೆಳೆಸಿ ಎಂದು ಅವನ ವಾದ. ನಮ್ಮ ಕೆರೆ ಕಟ್ಟಿಸಿದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಒಳ್ಳೆಯ ಮಳೆ ಬಿದ್ದ ವರ್ಷ ಯಾರೂ ಕೆರೆಯ ಮಾತು ಆಡುವುದಿಲ್ಲ ಎಂಬುದು ಮಾತ್ರ ಎರಡೂ ಕಡೆ ಸಮ.

ಕಾರ್ವೆಯಿಂದ ದಕ್ಷಿಣಕ್ಕೆ ಗೋದಿ, ಬಾರ್ಲಿ, ಸೂರ್ಯಕಾಂತಿಯ ಸೀಮೆ. ಇಲ್ಲಿ ಬಹಳ ಕಡೆ ಮಣ್ಣಿನ ಕೆಳಗೆ ತೋಸ್ಕಾ ಎಂಬ ಗಟ್ಟಿ ಸುಣ್ಣದ ಹಾಸು ಇದೆ, ಸನಿಕೆ ಠಣ್ ಎಂದು ನಿಲ್ಲುತ್ತದೆ. ಅದು ಒಂದು ಮೀಟರ್ ಕೆಳಗಿದ್ದರೆ ಒಂದು ಬೆಳೆ, ಮೊಳದಷ್ಟು ಕೆಳಗಿದ್ದರೆ ಇನ್ನೊಂದು ಬೆಳೆ, ಗೇಣಿಗೇ ಸಿಕ್ಕರೆ ದನ. ಜಮೀನು ಕೊಳ್ಳುವವರು ಉಕ್ಕಿನ ಸಲಾಕೆ ಚುಚ್ಚಿ ಆಳ ನೋಡಿಯೇ ಬೆಲೆ ಮಾತಾಡುತ್ತಾರೆ. ದಾರಿಯ ಕೊನೆಗೆ ಬಹಿಯಾ ಬ್ಲಾಂಕಾ, ಪಾಂಪಾದ ಒಣ ಅಂಚಿನ ಬಂದರು. ವರ್ಷಕ್ಕೆ ಆರುನೂರು ಚಿಲ್ಲರೆ ಮಿಲಿಮೀಟರ್ ಬೀಳುವ ಆ ಊರಿನಲ್ಲಿ, ನಾನು ಹೋಗುವ ಮುಂಚಿನ ತಿಂಗಳು, ಮಾರ್ಚ್ 7ರಂದು, ಕೆಲವೇ ಗಂಟೆಗಳಲ್ಲಿ 300 ಮಿಲಿಮೀಟರಿನ ಹತ್ತಿರ ಸುರಿದು ಹದಿನೈದಕ್ಕೂ ಹೆಚ್ಚು ಜನ ಸತ್ತಿದ್ದರು. ಬೀದಿಯಲ್ಲಿ ಇನ್ನೂ ನೆನೆದ ಹಾಸಿಗೆಗಳ ರಾಶಿ, ಗೋಡೆಗಳ ಮೇಲೆ ಎದೆಮಟ್ಟಕ್ಕೆ ಕೆಸರಿನ ಗೆರೆ.

ಪಾಂಪಾಕ್ಕೆ ಹೋಗುವ ಮನಸ್ಸಿದ್ದವರು ಗೌಚೊಗಳ ಕುದುರೆಯಾಟ, ಸುಟ್ಟ ಮಾಂಸದೂಟ ತೋರಿಸುವ ಎಸ್ತಾನ್ಸಿಯಾ ಎಂಬ ಪ್ರವಾಸಿ ಜಮೀನ್ದಾರಿ ಮನೆಗಳಿಗೆ ಹಣ ಸುರಿಯಬೇಡಿ. ಏಪ್ರಿಲ್‌ನಲ್ಲಿ ಹೋಗಿ, ರೊಸಾರಿಯೊದಲ್ಲಿ ಕಾರು ಬಾಡಿಗೆಗೆ ಹಿಡಿದು 33ನೇ ಹೆದ್ದಾರಿಯಲ್ಲಿ ನೈರುತ್ಯಕ್ಕೆ ಇಳಿಯಿರಿ, ಕಾರ್ವೆಗೆ ಪಕ್ಕದ ದಾರಿ ಹಿಡಿದು ಹೋಗಿ ಬನ್ನಿ. ನೂರು ಕಿಲೋಮೀಟರಿಗೊಮ್ಮೆ ನಿಲ್ಲಿಸಿ, ಬೇಲಿಯಡಿಯ ಮಣ್ಣನ್ನೂ ಹೊಲದೊಳಗಿನ ಮಣ್ಣನ್ನೂ ಒಂದೊಂದು ಹಿಡಿ ತೆಗೆದು ಹೋಲಿಸಿ ನೋಡಿ. ಹೊಲದೊಳಗೆ ಕಾಲಿಡುವ ಮುಂಚೆ ಯಜಮಾನನನ್ನು ಕೇಳಿ. ಮಳೆ ಎಷ್ಟು ಬಿತ್ತು ಎಂದು ಮಾತು ತೆಗೆದರೆ ಯಾರೂ ಬೇಡ ಎನ್ನುವುದಿಲ್ಲ.